ಸಿಸಿಲಿಯನ್ ಡ್ರ್ಯಾಗನ್: ಕಪ್ಪಲ್ಲಿ ಆಡೋದಾದ್ರೆ ಎಲ್ಲಿಂದ ಶುರು, ಎಲ್ಲಿ ಎಚ್ಚರ?

ಗುಬ್ಬಿ ಗ್ಯಾಂಬಿಟ್ · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಬರೋ ತಿಂಗಳು ತುಮಕೂರಲ್ಲಿ ರ‍್ಯಾಪಿಡ್ ಚೆಸ್ ಟೂರ್ನಿ ಇದೆ. 15 ನಿಮಿಷ, ನಡೆಗೆ 10 ಸೆಕೆಂಡ್ ಸೇರಿಕೆ. ರೇಟಿಂಗ್ 1400ರ ಆಸುಪಾಸು. 1.ಇ4 ಬಂದ್ರೆ ಡ್ರ್ಯಾಗನ್ (ಸಿಸಿಲಿಯನ್‌ನಲ್ಲಿ ಜಿ6 ಆಡಿ ಒಂಟೆಯನ್ನ ಜಿ7ಕ್ಕೆ ಇಡೋ ಓಪನಿಂಗ್) ಆಡೋಣ ಅಂತ ಯೋಚನೆ. ಇಲ್ಲಿವರೆಗೆ ಗೊತ್ತು:

1.ಇ4 ಸಿ5 2.ಕು-ಎಫ್3 ಡಿ6 3.ಡಿ4 ಸಿ×ಡಿ4 4.ಕು×ಡಿ4 ಕು-ಎಫ್6 5.ಕು-ಸಿ3 ಜಿ6 6.ಒಂ-ಇ3 ಒಂ-ಜಿ7 7.ಎಫ್3 0-0 8.ರಾ-ಡಿ2 ಕು-ಸಿ6

(ಕು ಕುದುರೆ, ಒಂ ಒಂಟೆ, ಆ ಆನೆ, ರಾ ರಾಣಿ, ರಾಜನಿಗೆ ಪೂರ್ತಿ ಹೆಸರು. ಪಾನ್ ಆದ್ರೆ ಬರೀ ಮನೆ. × ಅಂದ್ರೆ ಹೊಡೆತ, + ಅಂದ್ರೆ ಚೆಕ್, 0-0 ರಾಜನ ಕಡೆ ಕೋಟೆ, 0-0-0 ರಾಣಿ ಕಡೆ ಕೋಟೆ. ಸಂಖ್ಯೆ ಆದ್ಮೇಲೆ ಮೂರು ಚುಕ್ಕಿ ಇದ್ರೆ ಕಪ್ಪಿನ ನಡೆ. ! ಒಳ್ಳೆ ನಡೆ, ? ತಪ್ಪು ನಡೆ. ಒಂದೇ ಥರದ ಎರಡು ಕಾಯಿ ಇದ್ರೆ ಯಾವುದು ಅನ್ನೋದು ಆವರಣದಲ್ಲಿ.)

ಕೇಳಬೇಕಿರೋದು ಮೂರು. ಒಂಬತ್ತನೇ ನಡೆಗೆ ಬಿಳಿ ನೇರವಾಗಿ 0-0-0 ಮಾಡೋದಕ್ಕೂ ಒಂ-ಸಿ4 ಇಡೋದಕ್ಕೂ ಕಪ್ಪಿನ ಕಡೆಯಿಂದ ಏನು ವ್ಯತ್ಯಾಸ? ಎಚ್4 ಬಂದಾಗ ಎಚ್5 ಅಂತ ತಡೀಬೇಕಾ, ಬಿಟ್ಟು ಸಿ ಫೈಲಲ್ಲಿ ಓಡಬೇಕಾ? ಮತ್ತೆ ಎಲ್ಲಾ ವಿಡಿಯೋದಲ್ಲೂ ಆ×ಸಿ3 ಕೊಟ್ಟು ಗೆಲ್ತಾರೆ. ಅದನ್ನ ಯಾವಾಗ ಕೊಡಬೇಕು, ಯಾವಾಗ ಕೊಡಬಾರದು?

ಕೋಟೆ ಆನೆ · ಸೋಮವಾರ ರಾತ್ರಿ

ಮೊದಲನೇದಕ್ಕೆ ಉತ್ತರ ಡಿ5 ಮನೆಯಲ್ಲಿದೆ. ಕಪ್ಪಿಗೆ ಡಿ6 ಪಾನನ್ನು ಡಿ5ಕ್ಕೆ ನೂಕಿ ಮಧ್ಯ ಒಡೆಯೋಕೆ ಆದ್ರೆ ಅರ್ಧ ತೊಂದರೆ ಅಲ್ಲಿಗೇ ಮುಗೀತು. ಬಿಳಿ ಒಂಟೆಯನ್ನ ಸಿ4ರಲ್ಲಿ ಇಡೋದೇ ಅದನ್ನ ತಡೆಯೋಕೆ. ಇಡದೆ ಕೋಟೆ ಕಟ್ಟಿದರೆ ಯೋಚಿಸದೆ 9.0-0-0 ಡಿ5.

ಆಮೇಲೆ 10.ಇ×ಡಿ5 ಕು×ಡಿ5 11.ಕು×ಸಿ6 ಬಿ×ಸಿ6. ಇಲ್ಲಿ ನಿಮ್ಮ ಮಟ್ಟದ ಎದುರಾಳಿಗಳು ಪಾನ್ ಸಿಗುತ್ತೆ ಅಂತ 12.ಕು×ಡಿ5 ಸಿ×ಡಿ5 13.ರಾ×ಡಿ5 ಮಾಡ್ತಾರೆ. ಎ8ರ ಆನೆ ಹೋಗುತ್ತೆ ಅಂತ ಗಾಬರಿ ಬೀಳಬೇಡಿ. 13...ರಾ-ಸಿ7! ಅಷ್ಟೇ. ಬಿಳಿ 14.ರಾ×ಎ8 ಹೊಡೆದರೆ 14...ಒಂ-ಎಫ್5. ಈಗ ಸಿ2ರಲ್ಲಿ ಮೇಟ್ ಬೆದರಿಕೆ, ಜೊತೆಗೆ ಎಫ್8 ಆನೆ ಎ8ರ ರಾಣಿಯನ್ನ ನೋಡ್ತಿದೆ. ಬಿಳಿಗೆ 15.ರಾ×ಎಫ್8+ ಬಿಟ್ಟು ಗತಿಯಿಲ್ಲ. 15...ರಾಜ×ಎಫ್8 16.ಆ-ಡಿ2 ಎಚ್5. ಲೆಕ್ಕಕ್ಕೆ ಬಿಳಿ ಹತ್ರ ರಾಣಿ ಬದಲು ಎರಡು ಆನೆ, ಮೇಲೊಂದು ಪಾನ್. ಆದರೆ ಆ ಆನೆಗಳು ಇನ್ನೂ ಕೆಲಸಕ್ಕೆ ಬಂದಿಲ್ಲ. ಕಪ್ಪಿನ ಎರಡು ಒಂಟೆ, ರಾಣಿ ಮೂರೂ ಬಿ2, ಸಿ2 ಕಡೆ ತಿರುಗಿ ನಿಂತಿವೆ. ರ‍್ಯಾಪಿಡಲ್ಲಿ ಇದನ್ನ ಬಿಳಿ ಕಡೆಯಿಂದ ಆಡೋದು ಕಷ್ಟ.

ಗೊತ್ತಿರೋರು 14.ರಾ-ಸಿ5 ಆಡಿ ರಾಣಿ ಬದಲಾಯಿಸೋಣ ಅಂತಾರೆ. ಒಪ್ಪಬೇಡಿ, 14...ರಾ-ಬಿ8 ಇಟ್ಟು ಬಿ2 ಮೇಲೆ ಕೂತ್ಕೊಳ್ಳಿ.

ಇನ್ನೂ ಚೆನ್ನಾಗಿ ಓದಿಕೊಂಡು ಬಂದವರು 12.ಒಂ-ಡಿ4 ಆಡ್ತಾರೆ. ಎರಡು ದಾರಿ: ಚುರುಕು ಬೇಕಾದರೆ 12...ಇ5 13.ಒಂ-ಸಿ5 ಒಂ-ಇ6, ಆನೆಯನ್ನ ಎಫ್8ರಲ್ಲೇ ಬಿಟ್ಟು. 14.ಒಂ×ಎಫ್8 ರಾ×ಎಫ್8 ಆದ್ರೆ ಕಪ್ಪು ಮನೆಗಳ ಒಂಟೆ ಬಿಳಿಗೆ ಹೋಯಿತು, ಜಿ7ರ ಒಂಟೆಗೆ ಎದುರೇ ಇಲ್ಲ. ಅದಕ್ಕೇ ಒಳ್ಳೆ ಆಟಗಾರರು ಆನೆ ಮುಟ್ಟದೆ 14.ಕು-ಇ4 ಆಡ್ತಾರೆ, ಆಗ 14...ಆ-ಇ8. ಶಾಂತಿ ಬೇಕಾದರೆ 12...ಒಂ×ಡಿ4 13.ರಾ×ಡಿ4 ರಾ-ಬಿ6.

10.ರಾ-ಇ1 ಕೂಡ ಒಂದಿದೆ. ಡಿ ಫೈಲಲ್ಲಿ ಆನೆ ಎದುರು ಕಪ್ಪು ರಾಣಿ ಸಿಕ್ಕಿಸೋ ಉಪಾಯ. 10...ಇ5 11.ಕು×ಸಿ6 ಬಿ×ಸಿ6 12.ಇ×ಡಿ5 ಕು×ಡಿ5, ಸರಿಯಾಗೇ ಇದೆ.

ಶಿರಾ ಸ್ಟಾಕ್‌ಫಿಶ್ · ಸೋಮವಾರ ತಡರಾತ್ರಿ

ಅಪಶಕುನ ನುಡಿತೀನಿ ಅಂದ್ಕೋಬೇಡಿ. 9.ಒಂ-ಸಿ4 ಸಾಲುಗಳಲ್ಲಿ ಚೆಸ್ ಎಂಜಿನ್ (ಕಂಪ್ಯೂಟರ್) ಬಿಳಿಗೇ ಮೇಲು ಅನ್ನುತ್ತೆ. ಅಗ್ರ ಗ್ರ್ಯಾಂಡ್‌ಮಾಸ್ಟರ್‌ಗಳು ಕ್ಲಾಸಿಕಲ್ ಆಟದಲ್ಲಿ ಡ್ರ್ಯಾಗನ್ ಕೈಗೆತ್ತಿಕೊಳ್ಳೋದು ಅಪರೂಪ, ಅವರ ಆಯ್ಕೆ ಸಿಸಿಲಿಯನ್‌ನ ಇನ್ನೊಂದು ಶಾಖೆ ನಾಯ್ಡಾರ್ಫ್. 1400ಕ್ಕೆ ಕಾರೋ-ಕಾನ್ (1.ಇ4ಗೆ 1...ಸಿ6) ಸಾಕು. ಇಷ್ಟು ಸಾಲು ಬಾಯಿಪಾಠ ಮಾಡಿ ಟೂರ್ನಿಗೆ ಹೋದ್ರೆ ಎದುರಿನವರು ಎರಡನೇ ನಡೆಗೇ ಸಿ3 ಆಡ್ತಾರೆ.

ಕೋಟೆ ಆನೆ · ಮಂಗಳವಾರ ಬೆಳಿಗ್ಗೆ

ಎಂಜಿನ್ ಮಾತು ಸುಳ್ಳಲ್ಲ. ಆದ್ರೆ ಅದು ಹೇಳೋ ಮೇಲುಗೈ ಉಳಿಸ್ಕೊಳ್ಳೋಕೆ ಬಿಳಿ ಸಾಲಾಗಿ ಏಳೆಂಟು ಸರಿಯಾದ ನಡೆ ಹುಡುಕಬೇಕು, ಅದೂ ಗಡಿಯಾರದಲ್ಲಿ ಐದು ನಿಮಿಷ ಇರುವಾಗ. ಕಪ್ಪಿನ ನಡೆಗಳು ಹೆಚ್ಚುಕಡಿಮೆ ಒಂದೇ ಜಾಡಿನವು: ಸಿ8ಕ್ಕೆ ಆನೆ, ಇ5ಕ್ಕೆ ಕುದುರೆ, ಅಲ್ಲಿಂದ ಸಿ4. ಈ ಸಮಯದ ಆಟಕ್ಕೆ ಅದು ಲಾಭ. ಎರಡನೇ ನಡೆಗೆ ಸಿ3 ಬರುತ್ತೆ ಅನ್ನೋದು ಮಾತ್ರ ಒಪ್ಪಲೇಬೇಕಾದ ಮಾತು, ಅದಕ್ಕೆ ಬೇರೆ ಬರೀತೀನಿ.

ಡಿ6 ಡಿಫೆನ್ಸ್ · ಮಂಗಳವಾರ ಬೆಳಿಗ್ಗೆ

ಎರಡನೇ ಪ್ರಶ್ನೆಗೆ ನಾನು ಬರ್ತೀನಿ. ಸಾಲು ಹೀಗೆ: 9.ಒಂ-ಸಿ4 ಒಂ-ಡಿ7 10.0-0-0 ಆ-ಸಿ8 11.ಒಂ-ಬಿ3 ಕು-ಇ5 12.ಎಚ್4. ಕವಲು ಒಡೆಯೋದು ಇಲ್ಲಿ.

ಬಿಳಿಯ ಯೋಜನೆಯನ್ನ ಬೆರಳಲ್ಲಿ ಎಣಿಸಿ. ಎಚ್5, ಎಚ್×ಜಿ6, ಒಂ-ಎಚ್6, ಒಂಟೆ ಬದಲಾದ ಮೇಲೆ ರಾ×ಎಚ್6, ಎಫ್6ರ ಕುದುರೆ ಕಳಿಸೋಕೆ ಕು-ಡಿ5, ಕೊನೆಗೆ ಎಚ್7ರಲ್ಲಿ ಮೇಟ್. ಈ ಪಟ್ಟಿಯಲ್ಲಿ ಎಫ್6ರ ಕುದುರೆ ಒಂದೇ ಎಚ್7 ಕಾಯೋ ಕಾಯಿ ಅನ್ನೋದು ನೆನಪಿರಲಿ. ಅದನ್ನ ಸುಮ್ಮನೆ ಬದಲಾಯಿಸಿಕೊಂಡರೆ ರಾಜನ ಮನೆ ಬಾಗಿಲು ತೆಗೆದಿಟ್ಟ ಹಾಗೆ.

12...ಎಚ್5 ಆಡಿದರೆ (ಸೋಲ್ಟಿಸ್ ಅಂತಾರೆ) ಪಟ್ಟಿಯ ಮೊದಲ ನಡೆಯೇ ಇಲ್ಲ. ಎಚ್ ಫೈಲ್ ತೆಗೀಬೇಕಂದ್ರೆ ಬಿಳಿ ಜಿ4 ನೂಕಿ ಒಂದು ಪಾನ್ ಬಲಿ ಕೊಡಬೇಕು. ಅಷ್ಟರಲ್ಲಿ ಕಪ್ಪಿಗೆ ಒಂದೆರಡು ನಡೆ ಉಳಿಯುತ್ತೆ. ಬೆಲೆ ಏನಂದ್ರೆ ಜಿ5 ಮನೆ ಕಾಯೋಕೆ ಪಾನ್ ಇರಲ್ಲ, ಬಿಳಿ ಒಂಟೆ ಅಲ್ಲಿ ಬಂದು ಕೂರುತ್ತೆ: 13.ಒಂ-ಜಿ5. ಇದಕ್ಕೆ 13...ಆ-ಸಿ5. ನೋಡೋಕೆ ವಿಚಿತ್ರ ನಡೆ. ಆದ್ರೆ ಆನೆ ಐದನೇ ರ‍್ಯಾಂಕಲ್ಲಿ ನಿಂತು ಡಿ5 ಕಾಯುತ್ತೆ, ಬಿಳಿಯ ಇ5 ನೂಕನ್ನ ತಡೆಯುತ್ತೆ, ಬಿ5 ಪಾನಿಗೆ ಬೆಂಬಲ ಕೊಡುತ್ತೆ, ಮೇಲಾಗಿ ಕಾಲ ಬಂದಾಗ ಜಿ5ರ ಒಂಟೆಯನ್ನೇ ಹೊಡೆಯಬಹುದು. ಆಮೇಲಿನ ಕೆಲಸ: ಬಿ5, ರಾ-ಎ5 ಅಥವಾ ಆ-ಇ8.

ಆ-ಇ8 ಯಾಕೆ ಅಂತ ಕೇಳ್ತಾರೆ. ಬಿಳಿ ಒಂ-ಎಚ್6 ಆಡಿದಾಗ ಕಪ್ಪು ಒಂಟೆ ಎಚ್8ಕ್ಕೆ ಸರಿದು ಉಳ್ಕೊಳ್ಳಲಿ ಅಂತ. ಎಫ್8ರಲ್ಲಿ ಆನೆ ಇದ್ರೆ ಆ ಒಂಟೆ ಪಕ್ಕಕ್ಕೆ ಸರಿದ ಕ್ಷಣ ಆನೆ ಹೋಗುತ್ತೆ. ಡ್ರ್ಯಾಗನ್ನಲ್ಲಿ ಆ ಒಂಟೆ ಒಂದು ಆನೆಯಷ್ಟೇ ಬೆಲೆ ಬಾಳುತ್ತೆ ಅಂತ ನನ್ನ ಲೆಕ್ಕ.

ಮಧುಗಿರಿ ಮೇಟ್ · ಮಂಗಳವಾರ ಮಧ್ಯಾಹ್ನ

ಎಚ್5 ಬಿಟ್ಟು 12...ಕು-ಸಿ4 ಆಡಿದ್ರೆ ಏನಾಗುತ್ತೆ ಅನ್ನೋದಕ್ಕೆ ಪಾಠದಂಥ ಆಟ ಒಂದಿದೆ: ಕಾರ್ಪೊವ್–ಕೊರ್ಚ್ನಾಯ್, ಮಾಸ್ಕೋ, 1974ರ ಕ್ಯಾಂಡಿಡೇಟ್ಸ್ ಫೈನಲ್‌ನ ಎರಡನೇ ಆಟ. ಬೋರ್ಡ್ ಮುಂದೆ ಇಟ್ಟುಕೊಂಡು ಓದಿ.

12...ಕು-ಸಿ4 13.ಒಂ×ಸಿ4 ಆ×ಸಿ4 14.ಎಚ್5 ಕು×ಎಚ್5 15.ಜಿ4 ಕು-ಎಫ್6. ಕಾರ್ಪೊವ್ ಒಂದು ಪಾನ್ ಕೊಟ್ಟು ಎಚ್ ಫೈಲ್ ತೆಗೆಸಿದರು. ಈಗ ಎಲ್ಲರೂ ಮುಗಿಬೀಳ್ತಾರೆ, ಅವರು ಮಾತ್ರ 16.ಕು(ಡಿ)-ಇ2. ಹಿಂದಕ್ಕೆ! ಸಿ3ಕ್ಕೆ ಇನ್ನೊಂದು ಕಾವಲು. ಅಂದ್ರೆ ಕಪ್ಪಿನ ಆ×ಸಿ3ಕ್ಕೆ ಬಿ ಪಾನಿನ ಬದಲು ಕುದುರೆಯಲ್ಲಿ ಹೊಡೀತಾರೆ, ರಾಜನ ಮುಂದಿನ ಪಾನ್‌ಗಳು ಕೆಡೋದೇ ಇಲ್ಲ.

16...ರಾ-ಎ5 17.ಒಂ-ಎಚ್6 ಒಂ×ಎಚ್6 18.ರಾ×ಎಚ್6 ಆ(ಎಫ್)-ಸಿ8 19.ಆ-ಡಿ3! ಸಿ3ಕ್ಕೆ ಆನೆಯೂ ಕಾವಲು ಬಂತು, ಹಾಗಾಗಿ ಇ2 ಕುದುರೆ ಬಿಡುಗಡೆ. 19...ಆ(4)-ಸಿ5 20.ಜಿ5! ಆ×ಜಿ5 21.ಆ-ಡಿ5! ಜಿ5ಕ್ಕೆ ಎಳೆದ ಆನೆಯನ್ನ ಈಗ ಡಿ5ಕ್ಕೆ ಎಳೆದರು. 21...ಆ×ಡಿ5 22.ಕು×ಡಿ5 ಆ-ಇ8.

ಇಲ್ಲಿ ನಿಲ್ಲಿಸಿ. 23.ಕು×ಎಫ್6+ ಇ×ಎಫ್6 24.ರಾ×ಎಚ್7+ ರಾಜ-ಎಫ್8 25.ರಾ-ಎಚ್8+ ಆದ್ರೆ ರಾಜ ಇ7ಕ್ಕೆ ತಪ್ಪಿಸ್ಕೊಳ್ತಾನೆ. ಅದಕ್ಕೇ 23.ಕು(ಇ)-ಎಫ್4, ಇನ್ನೊಂದು ಕುದುರೆಯನ್ನ ಡಿ5ಕ್ಕೆ ಸಿದ್ಧ ಮಾಡಿ ಇಟ್ಟರು. 23...ಒಂ-ಸಿ6 24.ಇ5!! ಈ ಪಾನ್ ಐದನೇ ರ‍್ಯಾಂಕನ್ನ ಮುಚ್ಚುತ್ತೆ. ಎ5ರಲ್ಲಿರೋ ಕಪ್ಪು ರಾಣಿ ಅಲ್ಲಿಂದಲೇ ಎಚ್5 ಕಾಯ್ತಿತ್ತು. ಅದು ನಿಂತ್ರೆ ಕು×ಎಫ್6+ ಆಮೇಲೆ ಕು-ಎಚ್5, ಜಿ7ರಲ್ಲಿ ಮೇಟ್. 24...ಒಂ×ಡಿ5 25.ಇ×ಎಫ್6 ಇ×ಎಫ್6 26.ರಾ×ಎಚ್7+ ರಾಜ-ಎಫ್8 27.ರಾ-ಎಚ್8+, ಕೊರ್ಚ್ನಾಯ್ ಕೈಬಿಟ್ಟರು. ರಾಜ-ಇ7 ಅಂದ್ರೆ ಕು×ಡಿ5+ ರಾ×ಡಿ5, ಆ-ಇ1+.

ಕಪ್ಪಿನ ಕಡೆಯಿಂದ ನೋಡಬೇಕಾದ್ದು: ಸಿ ಫೈಲಲ್ಲಿ ಎರಡು ಆನೆ ನಿಲ್ಲಿಸಿದ್ದಾರೆ, ಆದ್ರೆ ಆ ಫೈಲಲ್ಲಿ ಹೊಡೆಯೋಕೆ ಏನೂ ಇಲ್ಲ. ಕು-ಇ2 ಬಂದ ಮೇಲೆ ಅಲ್ಲಿ ಆನೆ ಪೇರಿಸೋದು ಬರೀ ಶೋಕಿ.

ಗುಬ್ಬಿ ಗ್ಯಾಂಬಿಟ್ · ಮಂಗಳವಾರ ಸಂಜೆ

ಮಧುಗಿರಿಯವರೇ, ಎಂಥಾ ವಿವರಣೆ! ಹಂಗಾದ್ರೆ ಎಚ್5 ಅಂತ ಗಟ್ಟಿ ಮಾಡ್ಕೊಂಡೆ. ಆ×ಸಿ3 ಬಗ್ಗೆ ಯಾರಾದ್ರೂ ಬಿಡಿಸಿ ಹೇಳಿ.

ಡಿ6 ಡಿಫೆನ್ಸ್ · ಮಂಗಳವಾರ ರಾತ್ರಿ

ಕೊಡಬೇಕಾದ ಜಾಗ ಕಣ್ಣಿಗೆ ಕಟ್ಟೋ ಹಾಗೆ ಒಂದು: 11.ಒಂ-ಬಿ3 ಕು-ಇ5 ಆದ ಮೇಲೆ ಬಿಳಿ ಎಚ್4 ಆಡದೆ ಆತುರಕ್ಕೆ ಬಿದ್ದು 12.ಒಂ-ಎಚ್6 ಅಂತಾರೆ. ಮಕ್ಕಳ ಆಟದಲ್ಲಿ ದಿನಾ ನೋಡೋ ನಡೆ. 12...ಒಂ×ಎಚ್6! 13.ರಾ×ಎಚ್6 ಆ×ಸಿ3! 14.ಬಿ×ಸಿ3 ರಾ-ಎ5.

ಯಾಕೆ ನಡೆಯುತ್ತೆ? ಡಿ2ರಲ್ಲಿದ್ದ ರಾಣಿ ಸಿ3 ಕಾಯ್ತಿತ್ತು, ಈಗ ಅದು ಎಚ್6ಕ್ಕೆ ಹೋಗಿ ಒಂಟಿಯಾಗಿ ಕೂತಿದೆ. ಎಚ್ ಪಾನ್ ಇನ್ನೂ ಎಚ್2ರಲ್ಲೇ ಇದೆ, ಫೈಲ್ ಮುಚ್ಚಿದೆ, ಎಫ್6 ಕುದುರೆ ಜಾಗದಲ್ಲಿದೆ. ಅಂದ್ರೆ ಎಚ್7ರಲ್ಲಿ ಏನೂ ಆಗಲ್ಲ. ಇತ್ತ ಕಪ್ಪಿಗೆ ಮುಂದಿನ ನಡೆಗೇ ಸಿ3 ಹೊಡೆಯೋ ಬೆದರಿಕೆ, ಆಮೇಲೆ ಎಫ್8 ಆನೆ ಸಿ8ಕ್ಕೆ. ಆನೆಗೆ 5, ಕುದುರೆಗೆ 3 ಅಂತ ಲೆಕ್ಕ ಹಾಕಿದ್ರೆ ಕೊಟ್ಟಿದ್ದು 2. ಒಂದು ಪಾನ್ ಬೇಗ ವಾಪಸ್ ಬರುತ್ತೆ, ಮಿಕ್ಕ ಒಂದಕ್ಕೆ ಬಿಳಿ ರಾಜನ ಮುಂದಿನ ಒಡೆದ ಪಾನ್‌ಗಳು ಆಟ ಮುಗಿಯೋವರೆಗೂ ಬಡ್ಡಿ ಕಟ್ತಾವೆ.

ಕೊಡಬಾರದ್ದು ಹೇಳ್ತೀನಿ. ಬಿಳಿಯ ಕುದುರೆ ಇ2ರಲ್ಲಿದ್ರೆ ಬೇಡ, ಮೇಲಿನ ಆಟದಲ್ಲಿ ನೋಡಿದಿರಿ. ಕೊಟ್ಟ ತಕ್ಷಣ ರಾಣಿಗೆ ಎ5 ಸಿಗದಿದ್ರೆ, ಅಥವಾ ಇ4 ಪಾನನ್ನ ಕುದುರೆಯಲ್ಲಿ ಹೊಡೆಯೋಕೆ ಆಗದಿದ್ರೆ ಬೇಡ. ಎಚ್ ಫೈಲ್ ಆಗಲೇ ತೆರೆದು ಬಿಳಿ ರಾಣಿ ಎಚ್6ರಲ್ಲಿದ್ರೆ ಹತ್ತು ಸಲ ಯೋಚಿಸಿ; ಅಲ್ಲಿ ನಿಮ್ಮ ಒಂದು ನಡೆಗೆ ಅವರ ಒಂದು ನಡೆ ಮೇಟ್. ರಾಣಿಗಳು ಬದಲಾದ ಮೇಲೆ ಕೊಡೋದು ಇನ್ನೊಂದು ಥರದ ವಿದ್ಯೆ. ಅದು ತಪ್ಪೇನಲ್ಲ, ಆದರೆ ಎರಡು ಪಾನ್ ಕೈಗೆ ಬರುತ್ತೆ ಅಂತ ಗ್ಯಾರಂಟಿ ಇದ್ದಾಗ ಮಾತ್ರ.

ತಿಪಟೂರು ಕೋಚ್ · ಬುಧವಾರ ಬೆಳಿಗ್ಗೆ

ಚರ್ಚೆ ಚೆನ್ನಾಗಿ ನಡೀತಿದೆ, ಆದರೆ ಎಲ್ಲರೂ ಹನ್ನೆರಡನೇ ನಡೆಯಲ್ಲಿ ಕೂತಿದ್ದೀರಿ. ಜಿಲ್ಲಾ ಮಟ್ಟದಲ್ಲಿ ಆಟ ಹೋಗೋದು ಆರು ಏಳನೇ ನಡೆಯಲ್ಲಿ.

6.ಒಂ-ಇ3 ಬಂದಾಗ ಒಂಟೆ ಹಿಡೀತೀನಿ ಅಂತ 6...ಕು-ಜಿ4 ಆಡೋ ಮಕ್ಕಳಿದ್ದಾರೆ. 7.ಒಂ-ಬಿ5+ ಅಂದ್ರೆ ಮುಗೀತು. 7...ಒಂ-ಡಿ7ಗೆ 8.ರಾ×ಜಿ4, ಕುದುರೆ ಪುಕ್ಕಟೆ. 7...ಕು-ಸಿ6ಗೆ 8.ಕು×ಸಿ6 ಬಿ×ಸಿ6 9.ಒಂ×ಸಿ6+, ಎ8ರ ಆನೆ ಹೋಯಿತು. ಒಂಟೆಯನ್ನ ಜಿ7ಕ್ಕೆ ಇಟ್ಟು ಕೋಟೆ ಕಟ್ಟೋವರೆಗೂ ಜಿ4 ಕಡೆ ತಲೆ ಹಾಕಬೇಡಿ.

6.ಎಫ್4 ಇನ್ನೊಂದು. ಇದಕ್ಕೆ ಅಭ್ಯಾಸಬಲದಿಂದ 6...ಒಂ-ಜಿ7 ಆಡ್ತಾರೆ. 7.ಇ5 ಡಿ×ಇ5 8.ಎಫ್×ಇ5 ಕು-ಜಿ4 9.ಒಂ-ಬಿ5+ ರಾಜ-ಎಫ್8?? 10.ಕು-ಇ6+, ಕುದುರೆಯನ್ನ ಯಾವುದರಲ್ಲಿ ಹೊಡೆದ್ರೂ ಡಿ8ರ ರಾಣಿ ಹೋಗುತ್ತೆ. ಅದಕ್ಕೆ 6.ಎಫ್4 ಕಂಡರೆ 6...ಕು-ಸಿ6. ಇ5 ಮನೆ ಮೇಲೆ ಕಣ್ಣಿದ್ರೆ ಆ ನೂಕಿಗೆ ಹಲ್ಲಿರಲ್ಲ. ಒಂ-ಜಿ7 ಆಮೇಲೆ ಆಡಿದ್ರಾಯ್ತು.

6.ಒಂ-ಇ2 ಬಗ್ಗೆ ಹೆಚ್ಚು ಹೇಳೋದಿಲ್ಲ. ಬಿಳಿ ಅದೇ ಕಡೆ ಕೋಟೆ ಕಟ್ಟುತ್ತೆ, ಓಟದ ಪಂದ್ಯ ಇರಲ್ಲ. ಸುಮ್ಮನೆ ಕಾಯಿ ಹೊರಗೆ ತನ್ನಿ, ಡಿ5 ಸಿಕ್ಕರೆ ನೂಕಿ.

ಕೋಟೆ ಆನೆ · ಬುಧವಾರ ಮಧ್ಯಾಹ್ನ

ಕೋಚ್ ಮೇಡಂ ಮಾತಿಗೆ ಸೇರಿಸಿ, ಹೇಳಿದ್ದ ಹಾಗೆ ಡ್ರ್ಯಾಗನ್ ತಪ್ಪಿಸೋರ ಪಟ್ಟಿ. ನಿಜ ಹೇಳಬೇಕಂದ್ರೆ ಓದೋ ಸಮಯದ ಅರ್ಧ ಇದಕ್ಕೇ ಹೋಗಬೇಕು.

2.ಸಿ3 ಬಂದ್ರೆ 2...ಕು-ಎಫ್6 3.ಇ5 ಕು-ಡಿ5 4.ಡಿ4 ಸಿ×ಡಿ4. 5.ಸಿ×ಡಿ4ಗೆ 5...ಡಿ6, 5.ಕು-ಎಫ್3ಗೆ 5...ಕು-ಸಿ6. ಮೋರಾ ಗ್ಯಾಂಬಿಟ್ 2.ಡಿ4 ಸಿ×ಡಿ4 3.ಸಿ3 ಆಡೋರಿಗೂ ಇದೇ ಮದ್ದು: 3...ಕು-ಎಫ್6 4.ಇ5 ಕು-ಡಿ5. ಮೇಲಿನ ಸಾಲಿಗೇ ಬಂದು ಸೇರುತ್ತೆ, ಪಾನ್ ತಗೊಂಡು ಒದ್ದಾಡೋ ಕೆಲಸ ಇಲ್ಲ. ಒಂದು ಓದಿಗೆ ಎರಡು ಓಪನಿಂಗ್.

2.ಕು-ಎಫ್3 ಡಿ6 ಆದ ಮೇಲೆ 3.ಸಿ3 ಅಂದ್ರೆ 3...ಕು-ಎಫ್6 ಸರಿ. ಆದ್ರೆ ಅಲ್ಲೊಂದು ಗುಂಡಿ ಇದೆ. 4.ಒಂ-ಇ2 ಆಡಿ ಇ4 ಪಾನನ್ನ ಪುಕ್ಕಟೆ ಬಿಟ್ಟ ಹಾಗೆ ಕಾಣುತ್ತೆ. 4...ಕು×ಇ4?? 5.ರಾ-ಎ4+, ಕುದುರೆ ಹೋಯಿತು. ಈ ಗುಂಡಿ ಗೊತ್ತಿದ್ದೇ 3.ಸಿ3 ಆಡೋರು ನಮ್ಮ ಕಡೆ ಕಮ್ಮಿಯೇನಿಲ್ಲ.

3.ಒಂ-ಬಿ5+ಗೆ 3...ಒಂ-ಡಿ7 4.ಒಂ×ಡಿ7+ ರಾ×ಡಿ7, ಆಮೇಲೆ ಕು-ಸಿ6, ಜಿ6, ಒಂ-ಜಿ7. ಬೇಸರದ ಆಟ, ಆದರೆ ಕೆಟ್ಟದ್ದೇನಲ್ಲ.

2.ಕು-ಸಿ3 ಆಮೇಲೆ ಎಫ್4 ನೂಕಿ ಬರೋರಿಗೆ: 2...ಕು-ಸಿ6 3.ಎಫ್4 ಜಿ6 4.ಕು-ಎಫ್3 ಒಂ-ಜಿ7 5.ಒಂ-ಸಿ4 ಇ6. ಎಫ್7 ಮೇಲೆ ಕಣ್ಣಿಟ್ಟಿದ್ದ ಒಂಟೆ ಗೋಡೆಗೆ ಡಿಕ್ಕಿ, ಮುಂದಿನ ಡಿ5ಗೆ ಅದೇ ಓಡಬೇಕು. 6.ಎಫ್5 ಅಂತ ನುಗ್ಗಿದ್ರೆ 6...ಕು(ಜಿ)-ಇ7, ಹೊಡೆಯೋ ಅವಸರ ಬೇಡ.

ಶಿರಾ ಸ್ಟಾಕ್‌ಫಿಶ್ · ಬುಧವಾರ ಸಂಜೆ

ಇಷ್ಟೆಲ್ಲಾ ಯಾಕೆ? ಡಿ6 ಬಿಟ್ಟು 2...ಕು-ಸಿ6 3.ಡಿ4 ಸಿ×ಡಿ4 4.ಕು×ಡಿ4 ಜಿ6 ಅಂತ ಆಕ್ಸೆಲರೇಟೆಡ್ ಡ್ರ್ಯಾಗನ್ ಆಡಿದ್ರೆ ಡಿ5 ಒಂದೇ ನೂಕಿನಲ್ಲಿ ಆಗುತ್ತಲ್ಲ. 5.ಕು-ಸಿ3 ಒಂ-ಜಿ7 6.ಒಂ-ಇ3 ಕು-ಎಫ್6 7.ಎಫ್3 0-0 8.ರಾ-ಡಿ2 ಡಿ5, ಪೂರ್ತಿ ಒಂದು ನಡೆ ಉಳಿತಾಯ.

ಮಧುಗಿರಿ ಮೇಟ್ · ಬುಧವಾರ ರಾತ್ರಿ

ಉಳಿತಾಯ ನಿಜ. ಆದ್ರೆ 5.ಸಿ4 ಆಡಿ ಬಿಳಿ ಡಿ5 ಮನೆಗೆ ಬೀಗ ಹಾಕಿದ್ರೆ (ಮಾರೋಟ್ಸಿ) ಕಪ್ಪು ಇಪ್ಪತ್ತು ನಡೆ ಉಸಿರು ಹಿಡಿದು ಕೂರಬೇಕು. ಚುರುಕಾದ ಆಟ ಬೇಕು ಅನ್ನೋರಿಗೆ ಅದು ಶಿಕ್ಷೆ.

ನೀವು ಬರೆದ 5.ಕು-ಸಿ3 ಸಾಲಲ್ಲೂ ಗುಂಡಿ ಇದೆ. 7.ಒಂ-ಸಿ4 0-0 8.ಒಂ-ಬಿ3 ಬಂದಾಗ 8...ಡಿ6 ಆಡಿದ್ರೆ ಸರಿ. 8...ಕು-ಎ5? ಆಡಿ ಒಂಟೆ ಹಿಡಿಯೋಕೆ ಹೋದವರು ಸಣ್ಣವರೇನಲ್ಲ, ರೆಶೆವ್ಸ್ಕಿ. 1958-59ರ ಅಮೆರಿಕ ಚಾಂಪಿಯನ್‌ಶಿಪ್, ಎದುರಿಗೆ ಹದಿಹರೆಯದ ಫಿಷರ್. 9.ಇ5 ಕು-ಇ8? 10.ಒಂ×ಎಫ್7+! ರಾಜ×ಎಫ್7 11.ಕು-ಇ6!! ಕುದುರೆಯನ್ನ ಡಿ ಪಾನಲ್ಲಿ ಹೊಡೆದ್ರೆ ರಾಣಿ ಹೋಗುತ್ತೆ. ರಾಜನಲ್ಲಿ ಹೊಡೆದ್ರೆ 12.ರಾ-ಡಿ5+ ರಾಜ-ಎಫ್5 13.ಜಿ4+ ರಾಜ×ಜಿ4 14.ಆ-ಜಿ1+, ರಾಜ ಬೋರ್ಡಿನ ನಡುವೆಯೇ ಸಾಯ್ತಾನೆ. ಹನ್ನೊಂದನೇ ನಡೆಗೇ ಸೋಲು ಖಚಿತ.

ಗುಬ್ಬಿ ಗ್ಯಾಂಬಿಟ್ · ಗುರುವಾರ ಬೆಳಿಗ್ಗೆ

ರಾಣಿ ಬದಲಾದ್ರೆ ಡ್ರ್ಯಾಗನ್ ಸತ್ತ ಹಾಗೆ ಅಂತ ಒಬ್ಬರು ಹೇಳ್ತಿದ್ರು. ನಿಜಾನಾ?

ಡಿ6 ಡಿಫೆನ್ಸ್ · ಗುರುವಾರ ಮಧ್ಯಾಹ್ನ

ಪೂರ್ತಿ ಉಲ್ಟಾ. 1995ರ ವಿಶ್ವ ಚಾಂಪಿಯನ್‌ಶಿಪ್ ಪಂದ್ಯ, ನ್ಯೂಯಾರ್ಕ್, ಹನ್ನೊಂದನೇ ಆಟ ತೆಗೆದು ನೋಡಿ. ಬಿಳಿ ನಮ್ಮ ಆನಂದ್, ಕಪ್ಪು ಕಾಸ್ಪರೋವ್. ಯಾರೂ ನಿರೀಕ್ಷಿಸದ ಡ್ರ್ಯಾಗನ್ ತೆಗೆದರು. ಸೋಲ್ಟಿಸ್‌ನ ಎಚ್5 ಅಲ್ಲೂ ಇದೆ: 12.ಎಚ್4 ಎಚ್5 13.ರಾಜ-ಬಿ1 ಕು-ಸಿ4 14.ಒಂ×ಸಿ4 ಆ×ಸಿ4 15.ಕು(ಡಿ)-ಇ2 ಬಿ5 16.ಒಂ-ಎಚ್6 ರಾ-ಎ5 17.ಒಂ×ಜಿ7 ರಾಜ×ಜಿ7 18.ಕು-ಎಫ್4 ಆ(ಎಫ್)-ಸಿ8 19.ಕು(ಸಿ)-ಡಿ5 ರಾ×ಡಿ2 20.ಆ×ಡಿ2 ಕು×ಡಿ5 21.ಕು×ಡಿ5. ರಾಣಿಗಳು ಹೋದವು, ಆ ಹೆಸರಾಂತ ಒಂಟೆಯೂ ಹೋಯಿತು.

ಆದ್ರೂ ಕಪ್ಪಿನ ಆಟ ಸುಲಭ. ಎರಡೂ ಆನೆ ಸಿ2 ಮೇಲೆ ಕೂತಿವೆ, ಎ5, ಬಿ5 ಪಾನ್‌ಗಳು ಮುಂದೆ ಬಂದು ರಾಜನ ಕಡೆಯನ್ನ ಕೆದಕ್ತಾವೆ. ಬಿಳಿಗೆ ಮಾಡೋಕೆ ಸ್ಪಷ್ಟವಾದ ಕೆಲಸ ಇಲ್ಲ. ಆನಂದ್ 28.ಬಿ4 ನೂಕಿದರು, 28...ಎ×ಬಿ4 29.ಎ×ಬಿ4 ಆ-ಸಿ4, ಆಮೇಲೆ 30.ಕು-ಬಿ6?? ಆ×ಬಿ4+ 31.ರಾಜ-ಎ3 ಆ×ಸಿ2, ಆಟ ಮುಗೀತು. 32.ಆ×ಸಿ2 ಹೊಡೆದ್ರೆ 32...ಆ-ಬಿ3+ 33.ರಾಜ-ಎ2 ಆ-ಇ3+. ಆನೆ ಸರಿದ ದಾರಿಯಲ್ಲಿ ಇ6 ಒಂಟೆಯ ಚೆಕ್, ಅದೇ ಆನೆ ಇ1 ಹೊಡೆಯುತ್ತೆ. ಹದಿಮೂರನೇ ಆಟದಲ್ಲೂ ಕಾಸ್ಪರೋವ್ ಇದೇ ಡ್ರ್ಯಾಗನ್ ಆಡಿ ಗೆದ್ದರು.

ಹಾಗಾಗಿ ಬಿಳಿ ರಾಣಿ ಬದಲಾಯಿಸೋಣ ಅಂದಾಗ ಓಡಿಹೋಗಬೇಡಿ. ಸಿ ಫೈಲ್ ನಿಮ್ಮ ಕೈಲಿದೆಯಾ ಅಂತ ನೋಡಿ, ಇದ್ರೆ ಬದಲಾಯಿಸಿ.

ತಿಪಟೂರು ಕೋಚ್ · ಗುರುವಾರ ರಾತ್ರಿ

ಓದೋ ಕ್ರಮ ಬರೀತೀನಿ, ಮೂರು ವಾರಕ್ಕೆ ಆಗುವಷ್ಟು. ಲಿಚೆಸ್‌ನಲ್ಲಿ (ಚೆಸ್ ಜಾಲತಾಣ) ಒಂದು ಸ್ಟಡಿ, ಅಂದ್ರೆ ನಡೆಗಳನ್ನ ಟಿಪ್ಪಣಿ ಸಮೇತ ಇಡೋ ಪುಟ, ತೆಗೀರಿ, ದುಡ್ಡು ಬೇಕಿಲ್ಲ. ಒಂದು ಸ್ಟಡಿಗೆ 64 ಅಧ್ಯಾಯ ಹಿಡಿಯುತ್ತೆ, ನಿಮಗೆ ಹನ್ನೆರಡು ಸಾಕು: 9.0-0-0ಗೆ ಮೂರು, ಸೋಲ್ಟಿಸ್‌ಗೆ ಎರಡು, 6.ಎಫ್4 ಮತ್ತು 6.ಒಂ-ಇ2ಗೆ ಒಂದೊಂದು, ಮಿಕ್ಕ ಐದೂ ಡ್ರ್ಯಾಗನ್ ತಪ್ಪಿಸೋರಿಗೆ. ಪ್ರತಿ ನಡೆಯ ಪಕ್ಕ ಕನ್ನಡದಲ್ಲಿ ಒಂದು ಸಾಲು ಕಾರಣ ಬರೀರಿ. ಕಾರಣ ಬರೆಯೋಕೆ ಬರದ ನಡೆ ಟೂರ್ನಿಯಲ್ಲಿ ನೆನಪಿಗೆ ಬರಲ್ಲ. ಎಂಜಿನ್ನನ್ನ ಅಭ್ಯಾಸದ ಆಟ ಮುಗಿದ ಮೇಲೆ ಹಚ್ಚಿ, ಮೊದಲೇ ಹಚ್ಚಿದ್ರೆ ಅದರ ನಡೆ ಓದ್ತೀರೇ ಹೊರತು ಸ್ಥಾನ ನೋಡೋದಿಲ್ಲ.

ಗಡಿಯಾರದ ಲೆಕ್ಕವೂ ಇದೆ. 15 ಪ್ಲಸ್ 10 ಅಂದ್ರೆ ಅರವತ್ತು ನಡೆಗೆ ಒಟ್ಟು 25 ನಿಮಿಷ. ಹತ್ತನೇ ನಡೆವರೆಗೆ ಎರಡು ನಿಮಿಷಕ್ಕಿಂತ ಹೆಚ್ಚು ಖರ್ಚು ಬೇಡ. ಉಳಿಸಿದ್ದನ್ನ ಹನ್ನೆರಡರಿಂದ ಹದಿನೆಂಟರ ನಡುವೆ ಸುರೀರಿ, ಡ್ರ್ಯಾಗನ್ನಲ್ಲಿ ಆಟ ತೀರ್ಮಾನ ಆಗೋದು ಅಲ್ಲೇ.

ಶಿರಾ ಸ್ಟಾಕ್‌ಫಿಶ್ · ಗುರುವಾರ ತಡರಾತ್ರಿ

ಸರಿ, ಆಡೋದೇ ಆದ್ರೆ ಸೋಲ್ಟಿಸ್‌ಗಿಂತ ಟೊಪಾಲೊವ್ ಸಾಲು ವಾಸಿ. 11.ಒಂ-ಬಿ3 ಕು×ಡಿ4 12.ಒಂ×ಡಿ4 ಬಿ5. ನೆನಪಿಡೋದು ಕಡಿಮೆ. 13.ಎಚ್4ಗೆ 13...ಎ5, ಮುಂದೆ ಎ4 ಅಂತ ಒಂಟೆಯನ್ನ ಎಬ್ಬಿಸಬಹುದು. 13.ಕು-ಡಿ5ಗೆ 13...ಕು×ಡಿ5 14.ಒಂ×ಜಿ7 ರಾಜ×ಜಿ7 15.ಇ×ಡಿ5 ಎ5. ಬಿ5 ಪಾನನ್ನ ಕುದುರೆಯಲ್ಲಿ ಹೊಡೀತಾರೆ ಅಂತ ಹೆದರೋದು ಬೇಡ, ಡಿ7 ಒಂಟೆ ಕಾಯ್ತಿದೆ.

ಡಿ6 ಡಿಫೆನ್ಸ್ · ಶುಕ್ರವಾರ ಬೆಳಿಗ್ಗೆ

ನೆನಪಿಡೋದು ಕಡಿಮೆ, ಒಪ್ಪಿದೆ. ಆದ್ರೆ ಕುದುರೆ ಬದಲಾಯಿಸಿಕೊಂಡ ಮೇಲೆ ಇ5, ಸಿ4 ಮನೆಗಳ ಆಟವೇ ಇಲ್ಲ, ಮತ್ತೆ ಬಿಳಿ ಒಂಟೆ ಡಿ4ಕ್ಕೆ ಬಂದು ನಮ್ಮ ಜಿ7 ಒಂಟೆಗೆ ಎದುರು ಕೂರುತ್ತೆ. ಡ್ರ್ಯಾಗನ್ ಕಲಿಯೋಕೆ ಬಂದವರಿಗೆ ಮೊದಲು ಸೋಲ್ಟಿಸ್, ಎರಡನೇ ವರ್ಷಕ್ಕೆ ಟೊಪಾಲೊವ್ ಅನ್ನೋದು ನನ್ನ ಮತ.

ಗುಬ್ಬಿ ಗ್ಯಾಂಬಿಟ್ · ಶುಕ್ರವಾರ ಸಂಜೆ

ಸೋಲ್ಟಿಸ್ಸೇ ಇರಲಿ. ಒಂದೇ ಒಂದು ಉಳೀತು: 13.ಒಂ-ಜಿ5 ಆ-ಸಿ5 ಆದ್ಮೇಲೆ 14.ಜಿ4 ಎಚ್×ಜಿ4 15.ಎಫ್4 ಅಂತ ಕುದುರೆ ಮೇಲೆ ಬಂದ್ರೆ?

ಡಿ6 ಡಿಫೆನ್ಸ್ · ಶುಕ್ರವಾರ ಸಂಜೆ

15...ಕು-ಸಿ4, ಡಿ2ರ ರಾಣಿ ಮೇಲೆ ಬೀಳುತ್ತೆ. 16.ರಾ-ಇ2ಗೆ ಕುದುರೆ ಹೋಯ್ತು ಅನ್ನಬೇಡಿ, ಸಿ5 ಆನೆ ಅದನ್ನ ಕಾಯ್ತಿದೆ. ಆಗ 16...ರಾ-ಸಿ8: ರಾಣಿ ಆನೆಯ ಹಿಂದೆ ಸಿ ಫೈಲಿಗೂ ಬಂತು, ಡಿ7 ಒಂಟೆಯ ಹಿಂದೆ ನಿಂತು ಜಿ4 ಪಾನಿಗೂ ಬೆಂಬಲ ಆಯ್ತು. ಎಫ್6 ಕುದುರೆಯನ್ನ ಮಾತ್ರ ಸುಮ್ಮನೆ ಎಬ್ಬಿಸಬೇಡಿ. ಅದು ಎದ್ದರೆ ಇ7 ಪಾನ್ ಜಿ5 ಒಂಟೆಯ ಬಾಯಿಗೆ.